ಅಡಿಕೆಗೆ ಹೋದ ಮಾನ: 1951ರ ಒಂದು ಬಜೆಟ್ಟಿನ ಕಥೆ

ಮಾರ್ಚ್ ತಿಂಗಳ ಕೊನೆಯ ವಾರ ಸರ್ಕಾರಿ ಕಚೇರಿಯಲ್ಲಿ ಕುಳಿತವರಿಗೆಲ್ಲ ಒಂದು ಮಾತು ಗೊತ್ತು: ಹಣ ಮಂಜೂರಾಗುವುದು ಬೇರೆ, ಖರ್ಚಾಗುವುದು ಬೇರೆ. ಟೆಂಡರು ಮುಗಿದಿರುವುದಿಲ್ಲ, ಸರಕು ಬಂದಿರುವುದಿಲ್ಲ, ಬಂದ ಸರಕನ್ನು ಜೋಡಿಸುವ ಕೈಗಳಿರುವುದಿಲ್ಲ. ಆದರೂ ಕಾಗದದ ಮೇಲೆ ಮೊತ್ತ ಮಾತ್ರ ಗಟ್ಟಿಯಾಗಿ ಕುಳಿತಿರುತ್ತದೆ. ಕೊನೆಗೆ ಅದನ್ನು ‘ಸರೆಂಡರ್’ ಮಾಡುವ ಟಿಪ್ಪಣಿ ಬರೆಯುವುದು ನಮ್ಮಂಥವರ ಪಾಲಿನ ಕೆಲಸ. ಇಂಥ ಟಿಪ್ಪಣಿಗಳನ್ನು ಬರೆದು ಬರೆದು ಕೈ ಪಳಗಿದ ನಮಗೆ, ಬ್ರಿಟನ್ನಿನ ಲೇಬರ್ ಪಕ್ಷ 1951ರ ಏಪ್ರಿಲ್‌ನಲ್ಲಿ ಬಜೆಟ್ಟಿನ ವಿಷಯಕ್ಕೆ ಒಡೆದ ಕಥೆಯನ್ನು ಓದುವಾಗ, ಅದರಲ್ಲಿನ ಒಂದು ವಾದ ನಮ್ಮದೇ ಕಚೇರಿಯ ಕಡತದಿಂದ ಎದ್ದು ಬಂದಂತೆ ಕಂಡಿತು.

ಇಂಗ್ಲಿಷ್ ಎಂ.ಎ. ಓದುವಾಗ ಆ ಕಾಲದ ಇಂಗ್ಲೆಂಡನ್ನು ನಾವು ಕವಿಗಳ, ನಾಟಕಕಾರರ ಮೂಲಕವೇ ಕಂಡವರು. ಕನ್ನಡಕ ಮತ್ತು ಕಟ್ಟಿಸಿಕೊಂಡ ಹಲ್ಲುಗಳ ಬೆಲೆಯ ಮೇಲೆ ಒಂದು ಮಂತ್ರಿಮಂಡಲ ಮುರಿದು ಬೀಳುವಂತಾಯಿತೆಂದು ಆಗ ಯಾರೂ ನಮಗೆ ಹೇಳಲಿಲ್ಲ. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಸೇವಾ ನಿಯಮಗಳು ಇಂದಿನ ಸರ್ಕಾರದ ನೀತಿಯನ್ನು ಟೀಕಿಸಿ ಬರೆಯಲು ಬಿಡುವುದಿಲ್ಲ. ಎಪ್ಪತ್ತು ವರ್ಷ ಹಿಂದಿನ ಪರದೇಶದ ಮಂತ್ರಿಗಳ ವಿಚಾರದಲ್ಲಿ ಆ ನಿಯಮ ಅಡ್ಡ ಬರಲಾರದೆಂದು ನಂಬಿದ್ದೇವೆ.

ಕಥೆಯ ನಾಯಕ ಅನ್ಯೂರಿನ್ ಬೆವನ್. ಅದೇ ಮಂತ್ರಿಮಂಡಲದಲ್ಲಿದ್ದ ಅರ್ನೆಸ್ಟ್ ಬೆವಿನ್ ಬೇರೆ. ಕನ್ನಡದಲ್ಲಿ ಬರೆದರೆ ಇಬ್ಬರ ನಡುವೆ ಇರುವುದು ಒಂದು ಗುಡಿಸಿನ ಅಂತರವಷ್ಟೆ. ಬೆವನ್ ವೇಲ್ಸಿನ ಟ್ರೆಡೀಗರ್ ಎಂಬ ಗಣಿ ಊರಿನವರು. ಹದಿಮೂರರ ಹರೆಯದಲ್ಲಿ ಶಾಲೆ ಬಿಟ್ಟು ಕಲ್ಲಿದ್ದಲ ಗಣಿಗೆ ಇಳಿದವರು. ಗಣಿಯ ಧೂಳು ಶ್ವಾಸಕೋಶಕ್ಕೆ ಸೇರಿ ತಂದೆ ಸತ್ತದ್ದನ್ನು ಹತ್ತಿರದಿಂದ ಕಂಡವರು. ಆ ಊರಿನ ಕಾರ್ಮಿಕರು ತಮ್ಮ ಕೂಲಿಯಲ್ಲಿ ಕೆಲವು ಪೆನ್ನಿಗಳನ್ನು ಕೂಡಿಹಾಕಿ ಒಂದು ವೈದ್ಯಕೀಯ ನೆರವಿನ ಸಂಘ ನಡೆಸುತ್ತಿದ್ದರು. ಕಾಯಿಲೆ ಬಿದ್ದಾಗ ವೈದ್ಯರಿಗೆ ಬೇರೆ ಹಣ ಕೊಡಬೇಕಿರಲಿಲ್ಲ. 1945ರಲ್ಲಿ ಆಟ್ಲಿಯವರ ಸರ್ಕಾರದ ಆರೋಗ್ಯ ಮಂತ್ರಿಯಾದ ಬೆವನ್, ಆ ಊರ ಏರ್ಪಾಟನ್ನು ಇಡೀ ದೇಶಕ್ಕೆ ಹಬ್ಬಿಸಿದರೆಂದರೆ ಹೆಚ್ಚು ತಪ್ಪಾಗದು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ವೈದ್ಯರು, ಆಸ್ಪತ್ರೆ, ಔಷಧಿ, ಕನ್ನಡಕ, ಹಲ್ಲು, ಎಲ್ಲವೂ ಪಡೆಯುವ ಹೊತ್ತಿನಲ್ಲಿ ಉಚಿತ. ಅಲ್ಲಿಯತನಕ ಅಂಗಡಿಯಲ್ಲಿ ಕಂಡ ಯಾವುದೋ ಕನ್ನಡಕವನ್ನು ಏರಿಸಿಕೊಂಡು, ಹಲ್ಲಿಲ್ಲದ ಬಾಯಲ್ಲಿ ಬ್ರೆಡ್ಡನ್ನು ನೆನೆಸಿ ತಿನ್ನುತ್ತಿದ್ದ ಮುದುಕರು ಸಾಲುಗಟ್ಟಿ ನಿಂತರು. ಖರ್ಚು ಅಂದಾಜನ್ನು ಮೀರಿತು. ಮೀರದೆ ಏನಾದೀತು? ತಲೆಮಾರುಗಳ ಕಾಲ ಮುಚ್ಚಿಟ್ಟ ಕೊರತೆ ಒಂದೇ ಸಲ ಬಾಗಿಲಿಗೆ ಬಂದಿತ್ತು.

1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಒತ್ತಾಯ, ಸೋವಿಯೆತ್ ಭಯ ಎರಡೂ ಸೇರಿ ಬ್ರಿಟನ್ ತನ್ನ ಸೇನೆಯನ್ನು ಮತ್ತೆ ಸಜ್ಜುಗೊಳಿಸಲು ಹೊರಟಿತು. ಮೊದಲು ಮೂರು ವರ್ಷಕ್ಕೆ 360 ಕೋಟಿ ಪೌಂಡು ಎಂದರು. ಚೀನಾ ಯುದ್ಧಕ್ಕೆ ಇಳಿದ ಮೇಲೆ, 1951ರ ಜನವರಿಯಲ್ಲಿ, ಆ ಮೊತ್ತವನ್ನು 470 ಕೋಟಿಗೆ ಏರಿಸಿದರು. ಮಹಾಯುದ್ಧ ಮುಗಿದು ಆರು ವರ್ಷವೂ ತುಂಬದ, ಆಹಾರಕ್ಕೆ ಇನ್ನೂ ಪಡಿತರ ಚೀಟಿ ನಡೆಯುತ್ತಿದ್ದ ದೇಶವದು.

ಈ ಹೊರೆಯನ್ನು ಹೊರಬೇಕಾದವರು ಹೊಸ ಹಣಕಾಸು ಮಂತ್ರಿ ಹ್ಯೂ ಗೇಟ್‌ಸ್ಕೆಲ್. ನಮಗೆಲ್ಲ 1942ರ ಆಯೋಗದಿಂದ ಪರಿಚಿತರಾದ ಸ್ಟ್ಯಾಫರ್ಡ್ ಕ್ರಿಪ್ಸ್ ಅನಾರೋಗ್ಯದಿಂದ ಆ ಸ್ಥಾನ ಬಿಟ್ಟಾಗ, 1950ರ ಅಕ್ಟೋಬರ್‌ನಲ್ಲಿ, ಅವರು ಅಲ್ಲಿಗೆ ಬಂದರು. ಆಕ್ಸ್‌ಫರ್ಡಿನಲ್ಲಿ ಓದಿದವರು, ಅರ್ಥಶಾಸ್ತ್ರದ ಮೇಷ್ಟರಾಗಿದ್ದವರು, ತಂದೆ ಬರ್ಮಾದಲ್ಲಿ ಐ.ಸಿ.ಎಸ್. ಅಧಿಕಾರಿ. ಸಂಸತ್ತಿಗೆ ಬಂದು ಐದೇ ವರ್ಷವಾಗಿತ್ತು. 1929ರಿಂದ ಸಂಸತ್ತಿನಲ್ಲಿದ್ದ ಬೆವನ್‌ಗೆ ಈ ನೇಮಕ ಹಿಡಿಸಲಿಲ್ಲ. ಜನವರಿಯಲ್ಲಿ ಅವರನ್ನು ಆರೋಗ್ಯದಿಂದ ಕಾರ್ಮಿಕ ಖಾತೆಗೆ ಬದಲಾಯಿಸಲಾಯಿತು. ಅದು ಬಡ್ತಿಯೆಂದು ಅವರಿಗೂ ಅನಿಸಿರಲಾರದು. ಹೀಗಾಗಿ ಇಡೀ ಜಗಳವೇ ಅಸೂಯೆಯದೆಂದು ಅಂದೂ ಹೇಳಿದರು, ಇಂದೂ ಹೇಳುವವರಿದ್ದಾರೆ. ನಮಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ಅಸೂಯೆಯುಳ್ಳವನ ವಾದ ಅಸೂಯೆಯಿಂದಲೇ ಸುಳ್ಳಾಗುವುದಿಲ್ಲ.

ಗೇಟ್‌ಸ್ಕೆಲ್ ಆದಾಯ ತೆರಿಗೆಯನ್ನು ಪೌಂಡಿಗೆ ಆರು ಪೆನ್ನಿ ಏರಿಸಿದರು, ಪೆಟ್ರೋಲಿನ ಮೇಲೆ ಏರಿಸಿದರು. ಆರೋಗ್ಯ ಸೇವೆಯ ಖರ್ಚಿಗೆ 40 ಕೋಟಿ ಪೌಂಡಿನ ಮಿತಿ ಹಾಕಿದರು. ಆ ಮಿತಿಯೊಳಗೆ ನಿಲ್ಲಬೇಕಾದರೆ ಕನ್ನಡಕ ಮತ್ತು ಕಟ್ಟಿಸಿಕೊಳ್ಳುವ ಹಲ್ಲುಗಳ ಬೆಲೆಯಲ್ಲಿ ಸರಿಸುಮಾರು ಅರ್ಧವನ್ನು ರೋಗಿಯೇ ಕೊಡಬೇಕು. ಔಷಧಿ ಚೀಟಿಯ ಮೇಲೆ ಶುಲ್ಕ ಹಾಕುವ ಯೋಚನೆಯನ್ನು ರಾಜಿಗಾಗಿ ಕೈಬಿಟ್ಟರು. ಇಷ್ಟೆಲ್ಲದರಿಂದ ಬೊಕ್ಕಸಕ್ಕೆ ಆ ವರ್ಷ ಉಳಿಯುವುದೆಷ್ಟು? 1 ಕೋಟಿ 30 ಲಕ್ಷ ಪೌಂಡು. ಪೂರ್ಣ ವರ್ಷಕ್ಕೆ ಲೆಕ್ಕ ಹಾಕಿದರೆ 2 ಕೋಟಿ 30 ಲಕ್ಷ. ಸೇನೆಯ ಒಂದು ವರ್ಷದ ಪಾಲಿಗೆ ಹೋಲಿಸಿದರೆ ಆ ವರ್ಷದ ಉಳಿತಾಯ ನೂರಕ್ಕೆ ಒಂದೂ ಆಗುವುದಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ನಮ್ಮ ಗಾದೆ ಇಲ್ಲಿ ಇಬ್ಬರಿಗೂ ಅನ್ವಯಿಸುತ್ತದೆ. ಇಷ್ಟು ಸಣ್ಣ ಮೊತ್ತಕ್ಕಾಗಿ ಪಕ್ಷವನ್ನೇಕೆ ಒಡೆಯುತ್ತೀರಿ ಎಂದು ಬೆವನ್‌ಗೆ ಕೇಳಿದರು. ಇಷ್ಟು ಸಣ್ಣ ಮೊತ್ತವನ್ನು ಬಿಟ್ಟುಕೊಡಲು ನಿಮಗೇನು ಕಷ್ಟವೆಂದು ಗೇಟ್‌ಸ್ಕೆಲ್‌ರನ್ನೂ ಕೇಳಬಹುದಿತ್ತು. ಹಣಕಾಸು ಮಂತ್ರಿಯ ದೃಷ್ಟಿಯಲ್ಲಿ ಅದು ಮೊತ್ತದ ಪ್ರಶ್ನೆಯಲ್ಲ, ಮಿತಿಯ ಪ್ರಶ್ನೆ. ಒಬ್ಬ ಹಿರಿಯ ಮಂತ್ರಿ ಗದರಿದ ಮಾತ್ರಕ್ಕೆ ಮಿತಿ ಕರಗುವುದಾದರೆ ಮುಂದೆ ಯಾವ ಖಾತೆ ತಾನೇ ಮಾತು ಕೇಳೀತು? ಬೆವನ್‌ಗೂ ಅದು ಮೊತ್ತದ ಪ್ರಶ್ನೆಯಾಗಿರಲಿಲ್ಲ. ಉಚಿತವೆಂಬ ಕಟ್ಟೆಗೆ ಒಂದು ತೂತು ಬಿದ್ದರೆ ಅದನ್ನು ದೊಡ್ಡದು ಮಾಡಲು ಮುಂದೆ ಬರುವವರಿಗೆ ನೆಪ ಬೇಕಿಲ್ಲ ಎಂಬುದು ಅವರ ನಿಲುವು. ಏಪ್ರಿಲ್ 3ರಂದು ಲಂಡನ್ನಿನ ಬರ್ಮಂಡ್ಸೀಯಲ್ಲಿ ನಡೆದ ಸಭೆಯಲ್ಲಿ, ರೋಗಿಯ ಮೇಲೆ ಶುಲ್ಕ ಹೇರುವ ಸರ್ಕಾರದಲ್ಲಿ ತಾವು ಇರುವುದಿಲ್ಲವೆಂದು ಅವರು ಬಹಿರಂಗವಾಗಿ ಹೇಳಿಬಿಟ್ಟರು. ಅಲ್ಲಿಂದ ಹಿಂದೆ ಸರಿಯುವ ದಾರಿ ಇಬ್ಬರಿಗೂ ಮುಚ್ಚಿತು.

ಪ್ರಧಾನಿ ಆಟ್ಲಿ ಆಗ ಹುಣ್ಣಿನ ಬೇನೆಯಿಂದ ಆಸ್ಪತ್ರೆ ಸೇರಿದ್ದರು. ಸಂಪುಟ ಸಭೆಯ ಅಧ್ಯಕ್ಷತೆ ಹರ್ಬರ್ಟ್ ಮಾರಿಸನ್‌ರದು. ಅವರಿಗೂ ಬೆವನ್‌ಗೂ ಎಂದೂ ಹೊಂದಿ ಬಂದದ್ದಿಲ್ಲ. ಎರಡು ಕಡೆಯವರನ್ನೂ ಕೂಡಿಸುವ ತೂಕವಿದ್ದ ಅರ್ನೆಸ್ಟ್ ಬೆವಿನ್ ಅದೇ ತಿಂಗಳ 14ರಂದು ತೀರಿಕೊಂಡರು. ಏಪ್ರಿಲ್ 9ರ ಸಂಪುಟದಲ್ಲಿ ಬೆವನ್ ಪರವಾಗಿ ನಿಂತವರು ವ್ಯಾಪಾರ ಮಂತ್ರಿ ಹೆರಾಲ್ಡ್ ವಿಲ್ಸನ್ ಒಬ್ಬರೇ. ಶುಲ್ಕವನ್ನು ಕೈಬಿಡುವುದಾದರೆ ತಾವೇ ಹೋಗುವುದಾಗಿ ಗೇಟ್‌ಸ್ಕೆಲ್ ಹೇಳಿದರು. ಮರುದಿನ ಬಜೆಟ್ ಮಂಡನೆಯಾಯಿತು. ಆಟ್ಲಿ ಹಾಸಿಗೆಯಿಂದಲೇ 1931ನ್ನು ನೆನಪಿಸಿದರು. ಆ ವರ್ಷ ನಿರುದ್ಯೋಗ ಭತ್ಯೆಯ ಕಡಿತದ ಮೇಲೆ ಲೇಬರ್ ಸರ್ಕಾರ ಒಡೆದು, ಅದರ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಎದುರು ಪಕ್ಷದವರೊಡನೆ ಸೇರಿ ಸರ್ಕಾರ ಮಾಡಿದ್ದರು. ನಂತರದ ಚುನಾವಣೆಯಲ್ಲಿ ಪಕ್ಷ ಐವತ್ತರ ಆಸುಪಾಸಿಗೆ ಕುಸಿದಿತ್ತು. ಈಗ ಇದ್ದ ಬಹುಮತವೂ ಐದೇ ಐದು. ಆದರೂ ಏಪ್ರಿಲ್ 22ರಂದು ಬೆವನ್ ರಾಜೀನಾಮೆ ಪ್ರಕಟವಾಯಿತು. ಹಿಂದೆಯೇ ವಿಲ್ಸನ್, ಶಸ್ತ್ರಾಸ್ತ್ರ ಪೂರೈಕೆ ಖಾತೆಯ ಕಿರಿಯ ಮಂತ್ರಿ ಜಾನ್ ಫ್ರೀಮನ್ ಕೂಡ ಹೊರಬಂದರು.

ಈ ಇಬ್ಬರ ಖಾತೆಗಳನ್ನು ಗಮನಿಸಬೇಕು. ಕಚ್ಚಾ ಸಾಮಗ್ರಿ ಎಲ್ಲಿಂದ ಬರುತ್ತದೆ, ಯಾವ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆ ಎಂಬುದು ದಿನನಿತ್ಯ ಅವರ ಮೇಜಿಗೆ ಬರುತ್ತಿದ್ದ ಸಂಗತಿ. ಏಪ್ರಿಲ್ 23ರಂದು ಕಾಮನ್ಸ್ ಸಭೆಯಲ್ಲಿ ರಾಜೀನಾಮೆಯ ಹೇಳಿಕೆ ಕೊಡುವಾಗ ಬೆವನ್ ಕನ್ನಡಕ, ಹಲ್ಲುಗಳಷ್ಟಕ್ಕೆ ನಿಲ್ಲದೆ 470 ಕೋಟಿಗೇ ಕೈ ಹಾಕಿದರು. ಈ ಹಣವನ್ನು ಖರ್ಚು ಮಾಡಲು ಸಾಧ್ಯವೇ ಇಲ್ಲ ಎಂದರು. ಯಂತ್ರೋಪಕರಣಗಳಿಲ್ಲ, ಅಮೆರಿಕ ಕಚ್ಚಾ ಸಾಮಗ್ರಿಗಳನ್ನು ಜಗತ್ತಿನ ಮಾರುಕಟ್ಟೆಯಿಂದ ಬಾಚಿಕೊಳ್ಳುತ್ತಿದೆ, ಬೆಲೆ ಏರುತ್ತದೆ, ಬಂದೂಕು ಮಾತ್ರ ಬರುವುದಿಲ್ಲ. ಖರ್ಚಾಗದ ಹಣಕ್ಕಾಗಿ ಮುದುಕರ ಹಲ್ಲಿಗೆ ಶುಲ್ಕ ಹಾಕುತ್ತಿದ್ದೀರಿ ಎಂಬುದು ಅವರ ವಾದದ ತಿರುಳು. ಮಾರ್ಚ್ 31ರ ರಾತ್ರಿ ಕಂಡ ನಮಗೆ ಇದರಲ್ಲಿ ತತ್ತ್ವಜ್ಞಾನವೇನೂ ಕಾಣಲಿಲ್ಲ, ಬರೀ ಲೆಕ್ಕ ಕಂಡಿತು.

ಆದರೆ ಸಭೆ ಅದನ್ನು ತಣ್ಣಗೆ ಕೇಳಿತು. ಮರುದಿನದ ಪಕ್ಷದ ಸಭೆಯಲ್ಲಿ ಬೆವನ್ ಆರೋಗ್ಯ ಸೇವೆ ತಮ್ಮದೇ ಸ್ವತ್ತೆಂಬಂತೆ ಮಾತನಾಡಿ, ಸಿಟ್ಟಾಗಿ, ಸ್ನೇಹಿತರನ್ನೂ ಮುಜುಗರಕ್ಕೆ ಸಿಲುಕಿಸಿದರು. ಜಗಳ ಶುಲ್ಕದ್ದೆಂದು ಹೇಳಿ ಈಗ ರಕ್ಷಣಾ ನೀತಿಯನ್ನೇಕೆ ಎಳೆಯುತ್ತೀರಿ ಎಂದು ಆಟ್ಲಿ ಪತ್ರದಲ್ಲೇ ಚುಚ್ಚಿದ್ದರು. ಅದಕ್ಕೆ ಬೆವನ್ ಬಳಿ ಒಳ್ಳೆಯ ಉತ್ತರವಿರಲಿಲ್ಲ. ಜನವರಿಯಲ್ಲಿ 470 ಕೋಟಿ ಸಂಪುಟದಲ್ಲಿ ಅಂಗೀಕಾರವಾದಾಗ ಅವರು ಅಲ್ಲೇ ಇದ್ದರು. ಫೆಬ್ರವರಿಯ ಚರ್ಚೆಯಲ್ಲಿ ಸರ್ಕಾರದ ಪರವಾಗಿ ಎದ್ದು ಅದನ್ನು ಸಮರ್ಥಿಸಿದವರೂ ಅವರೇ. ಒಳಗೆ ಸಂದೇಹ ಹೇಳಿಕೊಂಡಿದ್ದರು, ನಿಜ. ಆದರೆ ಹೋಗುವುದಾದರೆ ಆಗ ಹೋಗಬೇಕಿತ್ತು. ಇನ್ನೂ ಹಿಂದಕ್ಕೆ ಹೋದರೆ, ಔಷಧಿ ಚೀಟಿಗೆ ಒಂದು ಶಿಲಿಂಗಿನವರೆಗೆ ಶುಲ್ಕ ವಿಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟ 1949ರ ಕಾನೂನನ್ನು ಆರೋಗ್ಯ ಮಂತ್ರಿಯಾಗಿ ಸದನದಲ್ಲಿ ಸಮರ್ಥಿಸಿದ್ದೂ ಅವರೇ. ಅದನ್ನು ಎಂದೂ ಜಾರಿಗೆ ತರಲಾರರೆಂದು ಅವರು ನಂಬಿರಬೇಕು.

ಇಡೀ ಪ್ರಕರಣದಲ್ಲಿ ನಮ್ಮನ್ನು ಕಾಡುವುದು ಇದೇ. ದೊಡ್ಡ ಮೊತ್ತಕ್ಕೆ ಮುಖವಿಲ್ಲ. 470 ಕೋಟಿ ಎಂದರೆ ಸಂಪುಟದ ಮೇಜಿನ ಸುತ್ತ ಕುಳಿತವರಿಗೂ ಅದೊಂದು ಅಂಕಿಯಷ್ಟೆ. ಒಂದು ಬೆಳಗಿನ ಸಭೆಯಲ್ಲಿ ಸಾಗಿಹೋಗುತ್ತದೆ. ಕನ್ನಡಕಕ್ಕೆ ಮುಖವಿದೆ. ಆದ್ದರಿಂದ ಅಂಥ ಪಕ್ಷ ಜಗಳವಾಡುವುದು ಕನ್ನಡಕದ ಮೇಲೆಯೇ, ತಪ್ಪಾಗಿದ್ದು ದೊಡ್ಡ ಮೊತ್ತವಾಗಿದ್ದರೂ. ಬೆವನ್ ಸರಿಯಾದ ವಾದವನ್ನು ತಪ್ಪಾದ ತಿಂಗಳಲ್ಲಿ ಎತ್ತಿದರು. ಗೇಟ್‌ಸ್ಕೆಲ್ ಒಂದು ಮಿತಿಯನ್ನು ಬಿಡದೆ ಕಾಯ್ದರು, ಅದಕ್ಕಿಂತ ಹತ್ತು ಪಟ್ಟಿಗೂ ಮೀರಿದ ಮೊತ್ತ ಸರಿಯೇ ಎಂದು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ.

ಮುಂದಿನದನ್ನು ಬೇಗ ಹೇಳಬಹುದು. 1951ರ ಅಕ್ಟೋಬರ್ ಚುನಾವಣೆಯಲ್ಲಿ ಲೇಬರ್ 1 ಕೋಟಿ 39 ಲಕ್ಷ ಮತ ಪಡೆಯಿತು, ಚರ್ಚಿಲ್ಲರ ಪಕ್ಷ ಮತ್ತು ಮಿತ್ರರು 1 ಕೋಟಿ 37 ಲಕ್ಷ. ಸ್ಥಾನಗಳು ಮಾತ್ರ 295 ಮತ್ತು 321. ಹೆಚ್ಚು ಮತ ಪಡೆದೂ ಸೋತದ್ದಕ್ಕೆ ಒಡಕೇ ಕಾರಣವೆಂದು ನಾವು ಹೇಳಲಾರೆವು. ಆದರೆ ನಂತರದ ಹದಿಮೂರು ವರ್ಷಗಳ ವನವಾಸದಲ್ಲಿ ಆ ಏಪ್ರಿಲ್ಲಿನ ಪಾಲು ದೊಡ್ಡದು. 1952ರ ಮಾರ್ಚ್‌ನಲ್ಲಿ ರಕ್ಷಣಾ ಮತದಾನದಲ್ಲಿ 57 ಮಂದಿ ಲೇಬರ್ ಸದಸ್ಯರು ಪಕ್ಷದ ವಿಪ್ ಮುರಿದರು. (ನಮ್ಮಲ್ಲಿ 1985ರ 52ನೆಯ ತಿದ್ದುಪಡಿಯ ನಂತರ ವಿಪ್ ಮುರಿದವನು ಸದಸ್ಯತ್ವವನ್ನೇ ಪಣಕ್ಕಿಡಬೇಕು. ಹೀಗಾಗಿ ಬಜೆಟ್ಟಿನ ಮೇಲೆ ಆಳುವ ಪಕ್ಷದೊಳಗಿನ ಭಿನ್ನಮತ ಮತದಾನದಲ್ಲಿ ಕಾಣುವುದು ಅಪರೂಪ.) 1955ರ ಡಿಸೆಂಬರ್‌ನಲ್ಲಿ ನಾಯಕತ್ವಕ್ಕೆ ಸ್ಪರ್ಧೆಯಾದಾಗ ಗೇಟ್‌ಸ್ಕೆಲ್‌ಗೆ 157 ಮತ, ಬೆವನ್‌ಗೆ 70, ಮಾರಿಸನ್‌ಗೆ 40.

ಆ 470 ಕೋಟಿಯ ಗತಿಯೇನಾಯಿತು? 1951ರ ಡಿಸೆಂಬರ್ 6ರಂದು ಪ್ರಧಾನಿ ಚರ್ಚಿಲ್ ಕಾಮನ್ಸ್ ಸಭೆಯಲ್ಲಿ, ಆ ವರ್ಷಕ್ಕೆಂದು ಗೊತ್ತುಮಾಡಿದ ಹಣವನ್ನು ಖರ್ಚು ಮಾಡಲಾಗುವುದಿಲ್ಲವೆಂದು ಒಪ್ಪಿಕೊಂಡರು. ಬೆವನ್ ಹೇಳಿದ್ದು ಸರಿಯಾಯಿತು, ಬಹುಶಃ ತಪ್ಪು ಕಾರಣಗಳಿಗಾಗಿ, ಎಂಬ ಅರ್ಥದ ಮಾತನ್ನೂ ಸೇರಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಸರೆಂಡರ್ ಟಿಪ್ಪಣಿ.

ಕಟ್ಟೆಯ ತೂತಿನ ವಿಚಾರದಲ್ಲೂ ಬೆವನ್ ಸರಿಯಾದರು. 1952ರಲ್ಲಿ ಚರ್ಚಿಲ್ ಸರ್ಕಾರ ಔಷಧಿ ಚೀಟಿಗೆ ಒಂದು ಶಿಲಿಂಗ್ ಶುಲ್ಕ ತಂದಿತು. ಅದಕ್ಕೆ ಹೊಸ ಅಧಿಕಾರವೇನೂ ಬೇಕಾಗಲಿಲ್ಲ, 1949ರ ಕಾನೂನು ಸಿದ್ಧವಾಗಿಯೇ ಇತ್ತು. ಬೆವನ್ 1960ರಲ್ಲಿ, ಗೇಟ್‌ಸ್ಕೆಲ್ 1963ರಲ್ಲಿ ತೀರಿಕೊಂಡರು. 1964ರಲ್ಲಿ ಲೇಬರ್ ಮತ್ತೆ ಅಧಿಕಾರಕ್ಕೆ ಬಂದಾಗ ಪ್ರಧಾನಿಯಾದವರು ಅಂದು ಬೆವನ್ ಜೊತೆ ಹೊರನಡೆದ ಹೆರಾಲ್ಡ್ ವಿಲ್ಸನ್. 1965ರ ಫೆಬ್ರವರಿಯಲ್ಲಿ ಅವರು ಔಷಧಿ ಶುಲ್ಕವನ್ನು ತೆಗೆದುಹಾಕಿದರು. ಪೌಂಡಿನ ಬೆಲೆ ಇಳಿಸಬೇಕಾಗಿ ಬಂದ ಮೇಲೆ, 1968ರಲ್ಲಿ, ಅವರೇ ಅದನ್ನು ಮತ್ತೆ ಹೇರಿದರು. ಮರುವರ್ಷ ಕನ್ನಡಕ ಮತ್ತು ಹಲ್ಲಿನ ಶುಲ್ಕವನ್ನೂ ಏರಿಸಿದರು. ಆ ಸರ್ಕಾರದ ಮಂತ್ರಿಗಳಲ್ಲಿ ಬೆವನ್‌ರ ಪತ್ನಿ ಜೆನ್ನಿ ಲೀ ಇದ್ದರು. ಅವರು ರಾಜೀನಾಮೆ ಕೊಡಲಿಲ್ಲ.