ಹಳೆಯ ಸ್ಪೋರ್ಟ್ಸ್ ಕಾರಿನ ಎಕ್ಸಾಸ್ಟ್ ಗ್ಯಾಸ್ಕೆಟ್: ಜಾಮ್ ಆದ ಬೋಲ್ಟಿನ ಹಿಂದಿನ ವಿಜ್ಞಾನ, ಮುಂದಿನ ತಪ್ಪು ನಂಬಿಕೆಗಳು

ಗ್ಯಾಸ್ಕೆಟ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕುಕ್ಕರ್ ಮುಚ್ಚಳದೊಳಗಿನ ರಬ್ಬರ್ ಬಳೆ. ಅದು ಹಳತಾದರೆ ಆವಿ ಪಕ್ಕದಿಂದ ಸೋರುತ್ತದೆ, ಸೀಟಿ ಬರುವುದಿಲ್ಲ. ಕಾರಿನ ಎಂಜಿನ್‌ನಿಂದ ಹೊಗೆಯನ್ನು ಹಿಂದಕ್ಕೆ ಒಯ್ಯುವ ಕೊಳವೆಗಳ ಕೂಡುಜಾಗಗಳಲ್ಲೂ ಹೀಗೆ ಗ್ಯಾಸ್ಕೆಟ್‌ಗಳಿರುತ್ತವೆ. ಕೊಳವೆಯ ತುದಿಯಲ್ಲಿರುವ ಚಪ್ಪಟೆ ಅಂಚಿಗೆ ಫ್ಲಾಂಜ್ ಎನ್ನುತ್ತಾರೆ. ಎರಡು ಫ್ಲಾಂಜ್‌ಗಳ ನಡುವೆ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಬಿಗಿಯುತ್ತಾರೆ. ಕುಕ್ಕರಿಗೂ ಇದಕ್ಕೂ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಸೋರುವುದು ಕಾರ್ಬನ್ ಮಾನಾಕ್ಸೈಡ್ ಇರುವ ಹೊಗೆ.

ಉದಾಹರಣೆಗೆ ಮಜ್ದಾ ಎಂಎಕ್ಸ್-5 ಕಾರನ್ನು ತೆಗೆದುಕೊಳ್ಳೋಣ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡ, ಜಪಾನಿನ ಹಿರೋಶಿಮಾದಲ್ಲಿ ತಯಾರಾದ, ಎರಡೇ ಸೀಟಿನ, ಮಡಿಸುವ ಛಾವಣಿಯ ಕಾರು ಇದು. 2016ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಮೊದಲ ಪೀಳಿಗೆಯ ಕಾರುಗಳಿಗೆ ಈಗ ಮೂವತ್ತು ವರ್ಷ ದಾಟಿದೆ. ಬ್ರಿಟನ್ನಿನಂಥ ಕಡೆ ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕಾರಿನ ಅಡಿಗೆ ಚಿಮ್ಮಿ, ಬಿಸಿ ಕೊಳವೆಯ ಮೇಲೆ ಒಣಗಿ, ಮತ್ತೆ ಒದ್ದೆಯಾಗಿ, ಬೋಲ್ಟ್‌ಗಳನ್ನು ವರ್ಷಗಟ್ಟಲೆ ತಿನ್ನುತ್ತದೆ. ಹಾಗಾಗಿ ಇಂಥ ಕಾರಿನಲ್ಲಿ ಗ್ಯಾಸ್ಕೆಟ್ ಬದಲಿಸುವುದು ಸುಲಭ, ಅದನ್ನು ಹಿಡಿದಿಟ್ಟ ಬೋಲ್ಟ್ ಬಿಚ್ಚುವುದೇ ಇಡೀ ದಿನದ ಕೆಲಸ.

"ಬಿಸಿಯಾದ ಮೇಲೆ ಸದ್ದು ನಿಲ್ಲುತ್ತದೆ, ಹಾಗಾಗಿ ತೊಂದರೆಯಿಲ್ಲ"

ಬೆಳಗ್ಗೆ ಕಾರು ಚಾಲೂ ಮಾಡಿದಾಗ ಟಿಕ್ ಟಿಕ್ ಎಂಬ ಸದ್ದು, ಹತ್ತು ನಿಮಿಷದಲ್ಲಿ ಮಾಯ. ಗ್ಯಾಸ್ಕೆಟ್ ಸೋರುವಿಕೆಯ ಸಾಮಾನ್ಯ ಲಕ್ಷಣ ಇದು. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ತಾತ್ಕಾಲಿಕವಾಗಿ ಮುಚ್ಚಿಕೊಳ್ಳುತ್ತದೆ ಅಷ್ಟೇ, ದೋಷ ಹೋಗುವುದಿಲ್ಲ. ಎಂಎಕ್ಸ್-5ರ 1.6 ಲೀಟರ್ ಎಂಜಿನ್‌ನಲ್ಲಿ ಇನ್ನೊಂದು ಗೊಂದಲವೂ ಇದೆ. ಅದರ ವಾಲ್ವ್‌ಗಳ ಮೇಲಿನ ಹೈಡ್ರಾಲಿಕ್ ಲಿಫ್ಟರ್‌ಗಳೂ ಎಣ್ಣೆ ತುಂಬುವವರೆಗೆ ಹೀಗೇ ಟಿಕ್ ಟಿಕ್ ಎನ್ನುತ್ತವೆ. ವ್ಯತ್ಯಾಸ ತಿಳಿಯಲು ಕಣ್ಣೇ ಸಾಕು. ಸೋರುವ ಜಾಗದ ಸುತ್ತ ಕಪ್ಪು ಮಸಿಯ ಗೆರೆ ಇರುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಡುಜಾಗಕ್ಕೆ ಸಾಬೂನು ನೀರು ಸಿಂಪಡಿಸಿ, ಚಾಲೂ ಮಾಡಿದ ಮೊದಲ ನಿಮಿಷದಲ್ಲೇ ನೋಡಿದರೆ ಗುಳ್ಳೆ ಏಳುತ್ತದೆ.

ಎಂಜಿನ್ ಹತ್ತಿರ ಸೋರಿದ ಹೊಗೆ ಕಾರಿನೊಳಕ್ಕೆ ಬರಲು ದಾರಿಯಿದೆ. ಹೀಟರ್‌ಗೆ ಹೊರಗಾಳಿ ಎಳೆಯುವ ಕಿಂಡಿ ಸಾಮಾನ್ಯವಾಗಿ ಮುಂಗಾಜಿನ ಬುಡದಲ್ಲಿ, ಬಾನೆಟ್‌ಗೆ ತಾಗಿಕೊಂಡೇ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಜತೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಎಂದು ಶುರುವಾಗುವುದರಿಂದ ಜನ ಅದನ್ನು ಪ್ರಯಾಣದ ಆಯಾಸ ಎಂದುಕೊಳ್ಳುತ್ತಾರೆ. ಛಾವಣಿ ತೆರೆದಿದೆ, ಗಾಳಿಯಾಡುತ್ತದೆ ಎಂದು ಸುಮ್ಮನಿರುವುದೂ ಸರಿಯಲ್ಲ. ಓಡುವ ಕಾರಿನ ಹಿಂದೆ ಒತ್ತಡ ಕಡಿಮೆಯಾಗಿ ಗಾಳಿ ಸುಳಿಯಾಗಿ ಸೀಟಿನ ಕಡೆಗೇ ಮರಳುತ್ತದೆ.

ಇನ್ನೊಂದು ನಷ್ಟ ಪೆಟ್ರೋಲಿನದು. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಒತ್ತಡ ಕುಸಿದಾಗ ಬಿರುಕಿನಿಂದ ಹೊರಗಾಳಿ ಒಳಕ್ಕೆ ನುಗ್ಗುತ್ತದೆ. ಮುಂದಿರುವ ಆಕ್ಸಿಜನ್ ಸೆನ್ಸರ್ ಆ ಗಾಳಿಯನ್ನು ಕಂಡು "ಪೆಟ್ರೋಲ್ ಸಾಲದು" ಎಂದು ತಪ್ಪು ವರದಿ ಕೊಡುತ್ತದೆ, ಕಂಪ್ಯೂಟರ್ ಸುಮ್ಮನೆ ಹೆಚ್ಚು ಪೆಟ್ರೋಲ್ ಸುರಿಯುತ್ತದೆ.

ಗ್ಯಾಸ್ಕೆಟ್ ಯಾಕೆ ಸೋಲುತ್ತದೆ?

ಎಂಎಕ್ಸ್-5ರ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಅದಕ್ಕೆ ಕೂಡಿದ ಮ್ಯಾನಿಫೋಲ್ಡ್ ಕಬ್ಬಿಣದ ಜಾತಿಯದು. ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಸರಳು ನೂರು ಡಿಗ್ರಿ ಬಿಸಿಯಾದರೆ ಸುಮಾರು 2.3 ಮಿ.ಮೀ. ಉದ್ದವಾಗುತ್ತದೆ, ಉಕ್ಕಿನದು ಸುಮಾರು 1.2 ಮಿ.ಮೀ. ಅದರ ಮೇಲೆ, ನೀರಿನಿಂದ ತಣಿಯುವ ಹೆಡ್ ನೂರರ ಆಸುಪಾಸಿನಲ್ಲಿದ್ದರೆ ಮ್ಯಾನಿಫೋಲ್ಡ್ ಹಲವು ನೂರು ಡಿಗ್ರಿ ಮುಟ್ಟುತ್ತದೆ. ಹಾಗಾಗಿ ಪ್ರತಿ ಸಲ ಕಾರು ಬಿಸಿಯಾಗಿ ತಣಿದಾಗ ಎರಡೂ ಒಂದರ ಮೇಲೊಂದು ಉಜ್ಜಿಕೊಂಡು ಸರಿಯುತ್ತವೆ. ನಡುವೆ ಸಿಕ್ಕ ಗ್ಯಾಸ್ಕೆಟ್ ಈ ಉಜ್ಜಾಟವನ್ನು ಸಾವಿರಾರು ಸಲ ತಾಳಬೇಕು.

ಹಳೆಯ ಗ್ಯಾಸ್ಕೆಟ್ ನೋಡಲು ಚೆನ್ನಾಗಿದ್ದರೆ ಮತ್ತೆ ಹಾಕಬಹುದೇ? ಬೇಡ. ಕುಕ್ಕರಿನ ರಬ್ಬರ್ ಒತ್ತಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಇಲ್ಲಿರುವುದು ಗ್ರಾಫೈಟ್ ಅಥವಾ ತೆಳು ಉಕ್ಕಿನ ಪದರಗಳು. ಬೋಲ್ಟ್ ಬಿಗಿದಾಗ ಅವು ಜಜ್ಜಿಕೊಂಡು ಎದುರಿನ ಮೇಲ್ಮೈಯ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತವೆ, ಅದೂ ಒಂದೇ ಸಲ. ಅದರ ಬದಲು ಸಿಲಿಕೋನ್ ಪೇಸ್ಟ್ ಬಳಿಯುವ ಉಪಾಯವೂ ಚಾಲ್ತಿಯಲ್ಲಿದೆ. ಎಂಜಿನ್ ಜೋರಾಗಿ ದುಡಿಯುವಾಗ ಅಲ್ಲಿನ ಹೊಗೆ 800 ಡಿಗ್ರಿ ದಾಟುತ್ತದೆ, ಸಿಲಿಕೋನ್ ಅದಕ್ಕಿಂತ ಬಹಳ ಮೊದಲೇ ಸುಟ್ಟುಹೋಗುತ್ತದೆ. ಅದರ ಆವಿ ಆಕ್ಸಿಜನ್ ಸೆನ್ಸರನ್ನೂ ಹಾಳುಮಾಡುತ್ತದೆ.

ಬಿಚ್ಚುವ ಕೆಲಸ

ಮೊದಲು ಸುರಕ್ಷತೆ. ಕಾರನ್ನು ಜಾಕ್ ಮೇಲಷ್ಟೇ ನಿಲ್ಲಿಸಿ ಅಡಿಗೆ ಹೋಗಬಾರದು. ಗಟ್ಟಿ ನೆಲದಲ್ಲಿ ಸ್ಟ್ಯಾಂಡ್ ಕೊಟ್ಟು, ಅಲುಗಾಡಿಸಿ ನೋಡಿ, ಕನ್ನಡಕ ಹಾಕಿಕೊಂಡೇ ಇಳಿಯಬೇಕು. ತುಕ್ಕಿನ ಪುಡಿ ನೇರ ಕಣ್ಣಿಗೇ ಬೀಳುತ್ತದೆ.

ಬೋಲ್ಟ್ ಜಾಮ್ ಆಗುವುದು ಯಾಕೆಂದರೆ ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್‌ಗಳ ನಡುವಿನ ಕೂದಲೆಳೆಯ ಸಂದಿನಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಅಲ್ಲೇ ಇರುಕಿಕೊಳ್ಳುತ್ತದೆ. ಇದಕ್ಕೆ ಎಲ್ಲರೂ ಕೈಹಾಕುವುದು ಡಬ್ಲ್ಯುಡಿ-40 ಡಬ್ಬಿಗೆ. ಅದರ ಹೆಸರಿನ ಅರ್ಥವೇ ನೀರು ಹೊರದೂಡುವುದು, ಅದೂ ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿದ ಮಿಶ್ರಣ. 1953ರಲ್ಲಿ ತಯಾರಾದದ್ದು ಲೋಹಕ್ಕೆ ತುಕ್ಕು ಹಿಡಿಯದಂತೆ ತಡೆಯಲು. ಸ್ವಲ್ಪ ಸಹಾಯವಾದೀತು, ಆದರೆ ಜಾಮ್ ಬಿಡಿಸಲೆಂದೇ ಮಾಡಿದ ತೆಳು ಎಣ್ಣೆಗಳು ಬೇರೆಯೇ ಸಿಗುತ್ತವೆ. ಯಾವುದೇ ಆಗಲಿ, ಹಿಂದಿನ ದಿನವೇ ಹಾಕಿ, ಮತ್ತೆ ಮತ್ತೆ ಹಾಕಿ, ರಾತ್ರಿಯಿಡೀ ಬಿಡಬೇಕು. ನಮ್ಮ ಅಭಿಪ್ರಾಯದಲ್ಲಿ ಈ ಕೆಲಸದ ಅತಿ ಅಗ್ಗದ ಉಪಕರಣ ತಾಳ್ಮೆ, ಅತಿ ದುಬಾರಿಯದು ಉದ್ದನೆಯ ಪೈಪ್ ಸಿಕ್ಕಿಸಿದ ಸ್ಪ್ಯಾನರ್.

ಹನ್ನೆರಡು ಮೂಲೆಯ ಸಾಕೆಟ್ ತುಕ್ಕು ತಿಂದ ತಲೆಯ ಮೇಲೆ ಜಾರಿ ಮೂಲೆ ಸವೆಸುತ್ತದೆ. ಆರು ಮೂಲೆಯದೇ ಬೇಕು. ಜಪಾನಿ ಕಾರುಗಳಲ್ಲಿ 8 ಮಿ.ಮೀ. ಬೋಲ್ಟಿನ ತಲೆ ಸಾಮಾನ್ಯವಾಗಿ 12 ಮಿ.ಮೀ., ಯುರೋಪಿನವುಗಳಲ್ಲಿ 13. ಹಿಂದೆ ಯಾರಾದರೂ ಬೋಲ್ಟ್ ಬದಲಿಸಿದ್ದರೆ ಎರಡೂ ಬೆರೆತಿರುತ್ತವೆ, ಹಾಕಿ ನೋಡಿಯೇ ತಿಳಿಯಬೇಕು. ಬಿಚ್ಚುವಾಗ ಒಂದೇ ದಿಕ್ಕಿಗೆ ಬಲ ಹಾಕದೆ ಸ್ವಲ್ಪ ಬಿಗಿದು ಸ್ವಲ್ಪ ಸಡಿಲಿಸಿ, ಹಿಂದೆ ಮುಂದೆ ಆಡಿಸುತ್ತ ಬಂದರೆ ತುಕ್ಕು ಪುಡಿಯಾಗಿ ದಾರಿ ಬಿಡುತ್ತದೆ.

ನಟ್ ಕಾಯಿಸಿದರೆ ಅದರ ತೂತು ಕಿರಿದಾಗುತ್ತದೆ ಎಂದು ನಂಬುವವರು ಅನೇಕರು. ಲೋಹ ಎಲ್ಲ ಕಡೆಗೂ ಹಿಗ್ಗುತ್ತದೆ, ಒಳಮುಖವಾಗಿಯೂ ಹಿಗ್ಗಬೇಕಲ್ಲ ಎಂಬುದು ಅವರ ವಾದ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಉತ್ತರ ಗೊತ್ತು. ಕೆಂಪಗೆ ಕಾಯಿಸಿದ ಪಟ್ಟಿ ದೊಡ್ಡದಾಗಿ ಚಕ್ರದ ಮೇಲೆ ಕೂರುತ್ತದೆ, ನೀರು ಹಾಕಿದೊಡನೆ ಕಿರಿದಾಗಿ ಕಚ್ಚಿಕೊಳ್ಳುತ್ತದೆ. ನಟ್‌ನದೂ ಇದೇ ಕತೆ. 8 ಮಿ.ಮೀ. ತೂತು 400 ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು ಸುಮಾರು 0.04 ಮಿ.ಮೀ. ಮಾತ್ರ. ಆದರೂ ತುಕ್ಕಿನ ಹಿಡಿತ ಬಿರುಕು ಬಿಡಲು ಅದು ಸಾಕಾಗುತ್ತದೆ, ಒಳಗಿನ ಬೋಲ್ಟ್ ತಣ್ಣಗಿರುವಾಗಲೇ ತಿರುಗಿಸಬೇಕು ಅಷ್ಟೇ.

ಬೆಂಕಿ ಬಳಸುವಾಗ ಮೂರು ಎಚ್ಚರಿಕೆ ಅಗತ್ಯ. ಹೆಡ್ ಕಡೆಗೆ ಜ್ವಾಲೆ ತಿರುಗಿಸಬೇಡಿ. ಉಕ್ಕು ಕೆಂಪಾಗಿ ಎಚ್ಚರಿಸುತ್ತದೆ, ಅಲ್ಯೂಮಿನಿಯಂ ಬಣ್ಣ ಬದಲಿಸದೆ 660 ಡಿಗ್ರಿಗೆ ಕರಗಿಬಿಡುತ್ತದೆ. ಸತು ಲೇಪಿಸಿದ ಬೋಲ್ಟ್ ಕಾಯಿಸಿದರೆ ಏಳುವ ಬಿಳಿ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ ಬರಬಹುದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿದ ಜಾಗಕ್ಕೆ ಬೆಂಕಿ ಹಿಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಅದು ಶ್ವಾಸಕೋಶಕ್ಕೆ ಮಾರಕ. ಎಣ್ಣೆ ಹಾಕಿದ ಮೇಲೆ ಒರೆಸದೆ ಬೆಂಕಿ ಹಚ್ಚಬಾರದು ಎಂದು ಬೇರೆ ಹೇಳಬೇಕಿಲ್ಲ.

ಬೋಲ್ಟ್ ತುಂಡಾದರೆ? ಎಲ್ಲಿ ತುಂಡಾಯಿತು ಎಂಬುದರ ಮೇಲೆ ಎಲ್ಲ ನಿಂತಿದೆ. ಕಾರಿನಡಿಯ ಎರಡು ಕೊಳವೆಗಳನ್ನು ಕೂಡಿಸುವ, ಆರಪಾರು ಹೋಗುವ ಬೋಲ್ಟ್ ಆದರೆ ಕಾದಾಡುವುದೇ ವ್ಯರ್ಥ. ಕತ್ತರಿಸಿ ಹೊಸದು ಹಾಕಿ. ಹೆಡ್‌ನೊಳಕ್ಕೆ ಹೂತಿರುವ ಸ್ಟಡ್ ಆದರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಅಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ಒದ್ದೆಯಲ್ಲಿ ಸೇರಿ ಬ್ಯಾಟರಿಯಂತೆ ವರ್ತಿಸಿ ತುಕ್ಕನ್ನು ಇನ್ನೂ ಗಟ್ಟಿ ಮಾಡಿರುತ್ತವೆ. ನಟ್ ಅಲುಗದಿದ್ದರೆ ಸ್ಟಡ್ ಮುರಿಯುವ ಮೊದಲೇ ನಟ್ಟನ್ನು ಸೀಳಿ ತೆಗೆಯುವುದು ಮೇಲು. ಮುರಿದೇಹೋದರೆ ಉಳಿದ ತುಂಡಿಗೆ ಹೊಸ ನಟ್ ವೆಲ್ಡ್ ಮಾಡಿ ತಿರುಗಿಸುವುದು ಅನುಭವಿ ಮೆಕ್ಯಾನಿಕ್‌ಗಳ ದಾರಿ. ಅಷ್ಟು ಹೊತ್ತಿಗೆ ಕೆಲಸವನ್ನು ಅವರಿಗೇ ಒಪ್ಪಿಸುವುದರಲ್ಲಿ ಅವಮಾನವೇನಿಲ್ಲ.

ಹಳೆಯ ಗ್ಯಾಸ್ಕೆಟ್ ಕೆರೆಯುವ ಮುನ್ನ ಕಾರಿನ ವಯಸ್ಸು ನೋಡಿ. 1980ರ ದಶಕದವರೆಗೆ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಸಾಮಾನ್ಯವಾಗಿತ್ತು. ಬ್ರಿಟನ್ ಬಿಳಿ ಕಲ್ನಾರನ್ನು ನಿಷೇಧಿಸಿದ್ದು 1999ರಲ್ಲಿ. ಅನುಮಾನವಿದ್ದರೆ ತಿರುಗುವ ತಂತಿ ಬುರುಸು ಹಾಕಬೇಡಿ, ಗಾಳಿ ಊದಬೇಡಿ. ಚೆನ್ನಾಗಿ ಒದ್ದೆ ಮಾಡಿ, ತಕ್ಕ ಮಾಸ್ಕ್ ಹಾಕಿಕೊಂಡು, ಕೈಯಿಂದ ಮೆಲ್ಲಗೆ ಕೆರೆದು, ಚೂರುಗಳನ್ನು ಒದ್ದೆಯಿರುವಾಗಲೇ ಚೀಲಕ್ಕೆ ಕಟ್ಟಿ.

ಮತ್ತೆ ಜೋಡಿಸುವಾಗ

ಫ್ಲಾಂಜ್ ಮೇಲೆ ನೇರ ಪಟ್ಟಿಯಿಟ್ಟು ಬೆಳಕು ನುಸುಳುತ್ತದೆಯೇ ನೋಡಿ. ಡೊಂಕಾಗಿದ್ದರೆ ಹೊಸ ಗ್ಯಾಸ್ಕೆಟ್ ಕೂಡ ಸೋರುತ್ತದೆ. ಬೋಲ್ಟ್, ನಟ್ ಎಲ್ಲ ಹೊಸವೇ ಇರಲಿ. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಶ್ರೇಷ್ಠ ಎಂಬ ಭಾವನೆಯಿದೆ. ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕಿದರೆ ಬಿಗಿಯುವಾಗಲೇ ಥ್ರೆಡ್‌ಗಳು ಒಂದಕ್ಕೊಂದು ಬೆಸೆದುಕೊಂಡು ಸಿಕ್ಕಿಬೀಳಬಹುದು. ಎಂಜಿಬಿಯಂಥ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಉಕ್ಕಿನ ಸ್ಟಡ್‌ಗೆ ಹಿತ್ತಾಳೆ ನಟ್ ಹಾಕುವ ರೂಢಿ ಇದೇ ಕಾರಣಕ್ಕೆ ಜಾಣತನದ್ದು. ಎರಡು ಬೇರೆ ಲೋಹ, ಒಂದು ಮೆತ್ತಗಿನದು, ಮುಂದಿನ ಸಲ ಬಿಚ್ಚುವವನು ಹರಸುತ್ತಾನೆ.

ಹೆಚ್ಚು ಬಿಗಿದಷ್ಟೂ ಒಳ್ಳೆಯದೇ? ಬೋಲ್ಟ್ ಕೆಲಸ ಮಾಡುವುದು ಸ್ಪ್ರಿಂಗಿನಂತೆ. ಬಿಗಿದಾಗ ಅದು ತುಸು ಎಳೆದುಕೊಂಡು ಎರಡು ಫ್ಲಾಂಜ್‌ಗಳನ್ನು ಅಪ್ಪಿ ಹಿಡಿಯುತ್ತದೆ. ನಾವು ಹಾಕುವ ಬಲದಲ್ಲಿ ಈ ಎಳೆತಕ್ಕೆ ಸಲ್ಲುವುದು ಸುಮಾರು ಹತ್ತನೇ ಒಂದು ಪಾಲು, ಉಳಿದದ್ದು ಘರ್ಷಣೆಗೆ ಹೋಗುತ್ತದೆ. ಹಾಗಾಗಿ ಥ್ರೆಡ್‌ಗೆ ತಾಮ್ರದ ಅಥವಾ ನಿಕ್ಕಲ್ ಗ್ರೀಸ್ ಹಚ್ಚಿ ಘರ್ಷಣೆ ಇಳಿಸಿದರೆ ಅದೇ ಟಾರ್ಕ್‌ಗೆ ಬೋಲ್ಟ್ ಬಹಳ ಹೆಚ್ಚು ಎಳೆದುಕೊಳ್ಳುತ್ತದೆ, ಕೆಲವೊಮ್ಮೆ ಹರಿದೇಹೋಗುತ್ತದೆ. ವರ್ಕ್‌ಶಾಪ್ ಕೈಪಿಡಿಯ ಅಂಕಿ ಒಣ ಥ್ರೆಡ್‌ಗೋ ಎಣ್ಣೆ ಹಚ್ಚಿದ್ದಕ್ಕೋ ಎಂದು ಓದಿಕೊಂಡೇ ಟಾರ್ಕ್ ರೆಂಚ್ ಹಿಡಿಯಿರಿ. ಮ್ಯಾನಿಫೋಲ್ಡ್ ಆದರೆ ನಡುವಿನಿಂದ ಎರಡೂ ತುದಿಗಳ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯುತ್ತ ಬನ್ನಿ. ಸ್ಪ್ರಿಂಗ್ ಇರುವ ಬೋಲ್ಟ್‌ಗಳಲ್ಲಿ ಸ್ಪ್ರಿಂಗನ್ನು ಪೂರ್ತಿ ಒತ್ತಿಬಿಡಬೇಡಿ, ಎಂಜಿನ್ ಅಲುಗಿದಾಗ ಕೂಡುಜಾಗ ಬಾಗಲೆಂದೇ ಅದನ್ನು ಇಟ್ಟಿರುವುದು.

ಮೊದಲ ಸಲ ಚಾಲೂ ಮಾಡಿದಾಗ ಸ್ವಲ್ಪ ಹೊಗೆ, ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಕೊಳವೆಗೆ ಅಂಟಿದ ಎಣ್ಣೆ, ಗ್ರೀಸ್ ಉರಿಯುತ್ತಿರುತ್ತದೆ. ಕಾರನ್ನು ಮುಚ್ಚಿದ ಗ್ಯಾರೇಜಿನಲ್ಲಲ್ಲ, ಬಯಲಿನಲ್ಲಿ ನಿಲ್ಲಿಸಿ ಸಾಬೂನು ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ಕೆಲವು ದಿನ ಓಡಿಸಿದ ಮೇಲೆ ಗ್ಯಾಸ್ಕೆಟ್ ಇನ್ನಷ್ಟು ಕೂತು ಬೋಲ್ಟ್ ತುಸು ಸಡಿಲವಾಗಿರಬಹುದು. ಕೈಪಿಡಿ ಒಪ್ಪಿದರೆ, ಎಂಜಿನ್ ಪೂರ್ತಿ ತಣಿದ ಮೇಲೆ ಒಮ್ಮೆ ಅದೇ ಟಾರ್ಕ್‌ಗೆ ಬಿಗಿದು ನೋಡಿ.