ಅಮರ ಚಿತ್ರಕಥೆಯ ಮೊದಲ ಸಂಚಿಕೆ ಯಾವುದು? ಹಳೆಯ ಕಾಮಿಕ್ಸ್ ವ್ಯಾಪಾರದಲ್ಲಿ ಕ್ರಮಸಂಖ್ಯೆ ಮತ್ತು ಮುದ್ರಣದ ಪ್ರಶ್ನೆ

ಹಳೆಯ ಕಾಮಿಕ್ಸ್ ವ್ಯಾಪಾರದಲ್ಲಿ ಬೆಲೆ ನಿಲ್ಲುವುದು ಮೂರು ಸಂಗತಿಗಳ ಮೇಲೆ: ಪ್ರತಿ ಎಷ್ಟನೆಯ ಸಂಚಿಕೆಯದು, ಯಾವ ಮುದ್ರಣದ್ದು, ಯಾವ ಸ್ಥಿತಿಯಲ್ಲಿದೆ. ಅಮೆರಿಕದಲ್ಲಿ ಈ ಮೂರನ್ನೂ ತೀರ್ಮಾನಿಸುವ ಕ್ರಮ ಬಹುಮಟ್ಟಿಗೆ ನೆಲೆಗೊಂಡಿದೆ. ರಾಬರ್ಟ್ ಓವರ್‌ಸ್ಟ್ರೀಟ್ 1970ರಲ್ಲಿ ಹೊರತಂದ ಬೆಲೆ ಕೈಪಿಡಿ ಸಂಚಿಕೆಗಳ ಪಟ್ಟಿಯನ್ನೂ ದರವನ್ನೂ ಒಂದೆಡೆ ತಂದಿತು. 2000ದಲ್ಲಿ ಆರಂಭವಾದ ಸಿಜಿಸಿ ಸಂಸ್ಥೆ ಪ್ರತಿಯನ್ನು ಪರೀಕ್ಷಿಸಿ, 0.5ರಿಂದ 10ರವರೆಗಿನ ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಭದ್ರಪಡಿಸುವ ಪದ್ಧತಿಯನ್ನು ಬಳಕೆಗೆ ತಂದಿತು. 1938ರಲ್ಲಿ ಹತ್ತು ಸೆಂಟಿಗೆ ಸಿಗುತ್ತಿದ್ದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆಕ್ಷನ್ ಕಾಮಿಕ್ಸ್ ಒಂದನೆಯ ಸಂಚಿಕೆಯ 8.5 ಅಂಕದ ಪ್ರತಿಯೊಂದು 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾದದ್ದು ಈ ವ್ಯವಸ್ಥೆಯ ಬಲದಿಂದ. 1991ರಲ್ಲಿ 80 ಲಕ್ಷಕ್ಕೂ ಮೀರಿ ಹೊರಬಂದ ಎಕ್ಸ್-ಮೆನ್ ಒಂದನೆಯ ಸಂಚಿಕೆಗೆ ಇಂದಿಗೂ ದೊಡ್ಡ ಬೆಲೆಯಿಲ್ಲ. ‘ಒಂದು’ ಎಂಬ ಅಂಕಿಯೊಂದೇ ಬೆಲೆ ತರಲಾರದು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಭಾರತದ ವ್ಯಾಪಾರ ಬೇರೆ ದಾರಿಯಲ್ಲಿ ಬೆಳೆದಿದೆ. ಬೆಂಗಳೂರಿನ ಅವೆನ್ಯೂ ರಸ್ತೆ, ದೆಹಲಿಯ ದರಿಯಾಗಂಜ್, ಕೋಲ್ಕತ್ತದ ಕಾಲೇಜ್ ಸ್ಟ್ರೀಟ್‌ಗಳ ಹಳೇ ಪುಸ್ತಕದ ರಾಶಿಗಳಲ್ಲಿ ಕಾಮಿಕ್ಸ್ ಬಹುಕಾಲ ಪಠ್ಯಪುಸ್ತಕ, ವಾರಪತ್ರಿಕೆಗಳ ಜೊತೆಗೇ ಬಿದ್ದಿರುತ್ತಿತ್ತು. ಸಂಗ್ರಾಹಕರ ಸಂಖ್ಯೆ ಹೆಚ್ಚಿದಂತೆ ಬೆಲೆ ಏರಿತು; ಮಾರುವವರು ಅಮೆರಿಕದ ಮಾತುಗಳನ್ನೇ ಎರವಲು ಪಡೆದು ‘ಮೊದಲ ಸಂಚಿಕೆ’, ‘ಮೊದಲ ಮುದ್ರಣ’ ಎನ್ನತೊಡಗಿದರು. ಇಂದ್ರಜಾಲ ಕಾಮಿಕ್ಸ್ ವಿಷಯದಲ್ಲಿ ಈ ಎರವಲು ತೊಡಕುಂಟುಮಾಡದು. ಟೈಮ್ಸ್ ಆಫ್ ಇಂಡಿಯಾ ಪ್ರಕಾಶನ 1964ರ ಮಾರ್ಚ್‌ನಲ್ಲಿ ಫ್ಯಾಂಟಮ್ ಕಥೆಯೊಂದಿಗೆ, 60 ಪೈಸೆ ಬೆಲೆಗೆ ಆರಂಭಿಸಿದ ಆ ಮಾಲೆ 1990ರವರೆಗೆ ನಿಯತಕಾಲಿಕವಾಗಿಯೇ ನಡೆಯಿತು. ಕಥೆ ಮರುಕಳಿಸಿದರೂ ಅದು ಹೊಸ ಸಂಖ್ಯೆ ಹೊತ್ತು ಬರುತ್ತಿತ್ತು. ಹೀಗಾಗಿ ಸಂಖ್ಯೆ ತಿಳಿದರೆ ಮುದ್ರಣವೂ ತಿಳಿದಂತೆ. ಅಮರ ಚಿತ್ರಕಥೆಯಲ್ಲಿ ಹಾಗಲ್ಲ. ಅದು ಪುಸ್ತಕ ಪ್ರಕಾಶಕರ ಮಾಲೆ. ಬೇಡಿಕೆಯಿದ್ದ ಪುಸ್ತಕವನ್ನು ಅದೇ ಸಂಖ್ಯೆಯಲ್ಲಿ ಮತ್ತೆ ಮತ್ತೆ ಅಚ್ಚು ಹಾಕಲಾಯಿತು. ವ್ಯಾಪಾರದ ಗೊಂದಲಗಳೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿವೆ ಎಂದರೆ ತಪ್ಪಾಗದು.

ಅಮರ ಚಿತ್ರಕಥೆಯ ಬಗ್ಗೆ ವಿದ್ವತ್ ಕೃತಿಗಳು ಕಡಿಮೆಯೇನಿಲ್ಲ. ನಂದಿನಿ ಚಂದ್ರ, ಕಾರ್ಲೈನ್ ಮೆಕ್ಲೇನ್ ಅವರ ಗ್ರಂಥಗಳು ಮಾಲೆಯ ಪುರಾಣ, ಇತಿಹಾಸ, ಸ್ತ್ರೀಚಿತ್ರಣ, ರಾಷ್ಟ್ರಕಲ್ಪನೆಗಳನ್ನು ವಿಸ್ತಾರವಾಗಿ ಚರ್ಚಿಸಿವೆ. ಚಂದ್ರ ಅವರ ಗ್ರಂಥದ ಶೀರ್ಷಿಕೆಯೇ 1967ನ್ನು ಆರಂಭದ ವರ್ಷವಾಗಿ ಇಟ್ಟುಕೊಂಡಿದೆ. ಈ ವರ್ಷದ ಹಿಂದಿರುವುದು ಕಾರ್ಕಳದಲ್ಲಿ ಹುಟ್ಟಿದ, ಮಾಲೆಯ ಸಂಪಾದಕ ಅನಂತ ಪೈ (1929–2011) ಅವರು ಅನೇಕ ಸಲ ಹೇಳಿದ ಪ್ರಸಂಗ: ದೆಹಲಿಯ ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರೆಂದು ಹೇಳಲಾಗದೆ ಹೋದರು, ಅದರಿಂದ ಭಾರತೀಯ ಕಥೆಗಳ ಮಾಲೆ ಹುಟ್ಟಿತು. ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ ಆ ಮಾಲೆಯ ಮೊದಲ ಪುಸ್ತಕ. ಅದರ ಸಂಖ್ಯೆ ಮಾತ್ರ 11.

ವಿವಾದದ ಗಂಟು ಇಲ್ಲಿದೆ. ಒಂದರಿಂದ ಹತ್ತರವರೆಗಿನ ಸಂಖ್ಯೆಗಳು ಜ್ಯಾಕ್ ಮತ್ತು ಹುರುಳಿ ಬಳ್ಳಿ, ಸಿಂಡ್ರೆಲಾ, ಅಲ್ಲಾವುದ್ದೀನ್, ಪಿನೋಕಿಯೊ, ಸ್ನೋ ವೈಟ್ ಮೊದಲಾದ ಕಥೆಗಳಿಗೆ ಸೇರಿವೆ. ಇವು ಅಮೆರಿಕದ ಗಿಲ್ಬರ್ಟನ್ ಕಂಪನಿಯ ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್ ಮಾಲೆಯಿಂದ ಬಂದವು. ಬೆಂಗಳೂರಿನಲ್ಲಿ, ಮಾಲೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್ ಪರವಾಗಿ ಪುಸ್ತಕ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಂ ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯ ಪ್ರಕಾರ, ಮಾಲೆಯ ಆರಂಭ 1965ರಲ್ಲಿ, ಕನ್ನಡದಲ್ಲಿ, ಅವರ ಸಲಹೆಯ ಮೇರೆಗೆ ಆಯಿತು. ಕನ್ನಡ ಪುಸ್ತಕಗಳು ಚೆನ್ನಾಗಿ ಮಾರಾಟವಾದುದನ್ನು ಕಂಡು ಮುಂಬಯಿಯ ಕೇಂದ್ರ ಕಚೇರಿ ಇಂಗ್ಲಿಷ್ ಮಾಲೆಗೆ ಕೈಹಾಕಿತು, ಪೈ ಅವರನ್ನು ಕರೆತಂದಿತು. ಇಂಗ್ಲಿಷ್ ಮಾಲೆ ಹನ್ನೊಂದರಿಂದ ಶುರುವಾಗಲು ಕಾರಣ ಮೊದಲ ಹತ್ತು ಕನ್ನಡದಲ್ಲಿದ್ದುದೇ ಎಂಬುದು ಅವರ ವಾದ.

ವ್ಯಾಪಾರದಲ್ಲಿ ಈ ಹೇಳಿಕೆಯನ್ನು ಒಂದೋ ಪೂರ್ತಿ ಒಪ್ಪುತ್ತಾರೆ, ಇಲ್ಲವೇ ಬದಿಗಿಡುತ್ತಾರೆ. ಎರಡೂ ಸರಿಯಲ್ಲ. ಹೇಳಿಕೆಯೊಳಗೆ ಮೂರು ಬೇರೆಬೇರೆ ಮಾತುಗಳಿವೆ: ಹನ್ನೊಂದಕ್ಕೆ ಮುಂಚೆ ಹತ್ತು ಪುಸ್ತಕಗಳಿದ್ದವು ಎಂಬುದು, ಅವು ಮೊದಲು ಕನ್ನಡದಲ್ಲಿ ಬಂದವು ಎಂಬುದು, ಭಾರತೀಯ ಪುರಾಣದ ಮಾಲೆಯ ಕಲ್ಪನೆ ಬೆಂಗಳೂರಿನದು ಎಂಬುದು. ಮೊದಲ ಮಾತಿಗೆ ‘ಕೃಷ್ಣ’ನ ಮುಖಪುಟವೇ ಸಾಕ್ಷಿ. ಹೊಸದಾಗಿ ಆರಂಭವಾಗುವ ಮಾಲೆಗೆ ಯಾವ ಪ್ರಕಾಶಕನೂ ಹನ್ನೊಂದೆಂಬ ಸಂಖ್ಯೆ ಕೊಡುವುದಿಲ್ಲ. ಹಿಂದಿನ ಹತ್ತಕ್ಕೆ ಆಮೇಲೆ ಸಂಖ್ಯೆ ಹಂಚಿರಬಹುದು ಎಂಬ ಆಕ್ಷೇಪವನ್ನು ಎತ್ತಬಹುದು. ಆದರೆ ಹಾಗೆ ಹಂಚಬೇಕಾದರೂ ಹತ್ತು ಪುಸ್ತಕಗಳು ಅದೇ ಪ್ರಕಾಶಕರ ದಾಸ್ತಾನಿನಲ್ಲಿ ಇರಲೇಬೇಕು.

ಎರಡನೆಯ ಮಾತು ಇಷ್ಟು ಗಟ್ಟಿಯಲ್ಲ, ಆದರೆ ಅದರ ಪರವಾದ ತರ್ಕ ದುರ್ಬಲವೂ ಅಲ್ಲ. ಗಿಲ್ಬರ್ಟನ್ ಕಥೆಗಳು ಮೂಲದಲ್ಲೇ ಇಂಗ್ಲಿಷಿನಲ್ಲಿದ್ದವು. ಇಂಗ್ಲಿಷ್ ಓದುವ ಮಗುವಿಗಾಗಿ ಅವನ್ನು ಭಾರತದಲ್ಲಿ ಹೊಸ ಹೆಸರಿನ ಮಾಲೆಯಾಗಿ ತರುವ ಅಗತ್ಯವೇ ಇರಲಿಲ್ಲ. ಹೊಸ ಮಾಲೆಗೆ ಅರ್ಥ ಬರುವುದು ದೇಶಭಾಷೆಯ ಓದುಗನಿಗೆ ಮಾತ್ರ. ಆದ್ದರಿಂದ ಮೊದಲ ಹತ್ತು ಭಾರತೀಯ ಭಾಷೆಯಲ್ಲೇ ಹುಟ್ಟಿದವು ಎನ್ನುವುದು ಬಹುಪಾಲು ಖಚಿತ. ಆ ಭಾಷೆ ಕನ್ನಡವೇ ಎನ್ನುವುದಕ್ಕೆ ಸದ್ಯದ ಆಧಾರ ಅನಂತರಾಂ ಅವರ ನೆನಪು. ತಮ್ಮ ಕೈಯಿಂದಲೇ ನಡೆದ ವ್ಯವಹಾರದ ಬಗ್ಗೆ ಆಡಿದ ಮಾತಿಗೆ ತೂಕವಿದೆ. ಹಾಗೆಂದು ಅದನ್ನು ದಾಖಲೆಯ ಸಮಕ್ಕೆ ಎತ್ತುವಂತಿಲ್ಲ. ಮೂರನೆಯ ಮಾತನ್ನು ಹತ್ತು ಪುಸ್ತಕಗಳ ವಿಷಯವೇ ಬೆಂಬಲಿಸುವುದಿಲ್ಲ: ಅವುಗಳಲ್ಲಿ ರಾಮನೂ ಇಲ್ಲ, ಕೃಷ್ಣನೂ ಇಲ್ಲ. ಭಾರತೀಯ ಕಥೆಗಳ ಕಾರ್ಯಕ್ರಮ ಹನ್ನೊಂದರಿಂದಲೇ ಆರಂಭವಾದದ್ದು, ಆ ಮಟ್ಟಿಗೆ ಅದು ಪೈ ಅವರ ಸಂಪಾದಕತ್ವದ ಫಲ ಎನ್ನುವ ರೂಢಿಯ ನಿರೂಪಣೆ ಅಲುಗಾಡುವುದಿಲ್ಲ. ಇಬ್ಬರ ನಡುವೆ ಜಗಳ ಹಚ್ಚುವ ಅವಶ್ಯಕತೆಯೇ ಇಲ್ಲ. ಒಬ್ಬರು ಹೇಳುವುದು ಮಾಲೆಯ ಹೆಸರು, ಸಂಖ್ಯೆಗಳ ಆರಂಭವನ್ನು, ಇನ್ನೊಬ್ಬರು ಹೇಳುವುದು ಅದರ ಆಶಯದ ಆರಂಭವನ್ನು.

ಇದರಿಂದ ಸಂಗ್ರಾಹಕನಿಗೆ ಒದಗುವ ತೀರ್ಮಾನ ಇದು: ಅಮರ ಚಿತ್ರಕಥೆಯ ‘ಮೊದಲ ಸಂಚಿಕೆ’ ಎಂದು ‘ಕೃಷ್ಣ’ನನ್ನು ಮಾರುವುದು ತಪ್ಪು, ಆದರೆ ಅದಕ್ಕೆ ಹೆಚ್ಚಿನ ಬೆಲೆ ಕೇಳುವುದು ತಪ್ಪಲ್ಲ. ಅಮೆರಿಕದ ಮಾರುಕಟ್ಟೆಯ ರೂಢಿಯೂ ಇದನ್ನು ಸಮರ್ಥಿಸುತ್ತದೆ. ಅಲ್ಲಿ ಬ್ಯಾಟ್‌ಮ್ಯಾನ್ ಮೊದಲು ಬಂದದ್ದು 1939ರ ಡಿಟೆಕ್ಟಿವ್ ಕಾಮಿಕ್ಸ್ 27ನೆಯ ಸಂಚಿಕೆಯಲ್ಲಿ, ಸ್ಪೈಡರ್‌ಮ್ಯಾನ್ 1962ರ ಅಮೇಜಿಂಗ್ ಫ್ಯಾಂಟಸಿ 15ನೆಯದರಲ್ಲಿ. ಆ ಮಾಲೆಗಳ ಒಂದನೆಯ ಸಂಚಿಕೆಗಳಿಗಿಂತ ಇವುಗಳಿಗೇ ಬೇಡಿಕೆ. ಆದರೆ ಆ ರೂಢಿಯನ್ನು ಪೂರ್ತಿ ಇಲ್ಲಿಗೆ ತಂದರೆ ಮೊದಲ ಹತ್ತಕ್ಕೆ ಅನ್ಯಾಯವಾಗುತ್ತದೆ. ಬ್ಯಾಟ್‌ಮ್ಯಾನ್ ಬರುವ ಮುಂಚೆ ಡಿಟೆಕ್ಟಿವ್ ಕಾಮಿಕ್ಸ್ ಎರಡು ವರ್ಷ ನಡೆದ ಮಾಲೆಯೆಂಬುದು ಎಲ್ಲ ಪಟ್ಟಿಗಳಲ್ಲೂ ದಾಖಲಾಗಿದೆ. ಅಮರ ಚಿತ್ರಕಥೆಯ ಮೊದಲ ಹತ್ತನ್ನು ಮಾತ್ರ ಪೀಠಿಕೆಯಂತೆ ಕಂಡು ಪಟ್ಟಿಯಿಂದಲೇ ಕೈಬಿಡುವ ಅಭ್ಯಾಸವಿದೆ. ಮಾಲೆಯ ಇತಿಹಾಸದಲ್ಲಿ ಅವುಗಳ ಸ್ಥಾನ ಮೊದಲನೆಯದೇ. ರದ್ದಿಗೆ ಹೋಗುವ ಕನ್ನಡ ಮಕ್ಕಳ ಪುಸ್ತಕಗಳ ಕಟ್ಟಿನಲ್ಲಿ ಸಿಂಡ್ರೆಲಾ ಕಂಡರೆ ಅದನ್ನು ಯಾರೂ ಎತ್ತಿಡುವುದಿಲ್ಲ ಎಂಬುದು ನಿಜಕ್ಕೂ ಕಳವಳದ ಸಂಗತಿ.

ಮುದ್ರಣದ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಹಣ ಕಳೆದುಕೊಳ್ಳುವ ಸಾಧ್ಯತೆ ಇರುವುದೂ ಇಲ್ಲೇ. ಮುಖಪುಟದಲ್ಲಿ 11 ಎಂದಿರುವ ‘ಕೃಷ್ಣ’ ಮೊದಲ ಮುದ್ರಣದ್ದೇ ಎಂದು ನಂಬಲು ಆ ಸಂಖ್ಯೆ ಏನೂ ಆಧಾರ ಕೊಡುವುದಿಲ್ಲ. ಮುಂದಿನ ಕಾಲದ ಮರುಮುದ್ರಣಗಳಲ್ಲಿ ಮಾಲೆಗೆ ಹೊಸ ಸಂಖ್ಯೆಗಳು ಬಂದು ‘ಕೃಷ್ಣ’ 501 ಆಯಿತು. ಅಂಥ ಪ್ರತಿಯನ್ನು ಗುರುತಿಸುವುದು ಸುಲಭ. ತೊಡಕಿರುವುದು ಹನ್ನೊಂದೆಂಬ ಸಂಖ್ಯೆಯಲ್ಲೇ ಬಂದ ಅನೇಕ ಅಚ್ಚುಗಳಲ್ಲಿ. ಇವುಗಳನ್ನು ಬೇರ್ಪಡಿಸಲು ಪುಸ್ತಕದೊಳಗಿನ ಸಣ್ಣ ಅಕ್ಷರಗಳನ್ನು ಓದಬೇಕಾಗುತ್ತದೆ. ಅದಕ್ಕೆ ಒದಗಬಲ್ಲ ಅತ್ಯಂತ ಉಪಯುಕ್ತ ಸಾಕ್ಷ್ಯ, ವ್ಯಾಪಾರದಲ್ಲಿ ಯಾರೂ ಗಮನಿಸದ ಪ್ರಕಾಶಕರ ವಿಳಾಸ.

ಆರಂಕಿಯ ಪಿನ್ ಕೋಡ್ ಭಾರತದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದೊಡ್ಡ ನಗರಗಳಲ್ಲಿ ಅಂಚೆ ವಲಯದ ಸಂಖ್ಯೆಯಷ್ಟೇ ಇತ್ತು: ಬಾಂಬೆ-1, ಬೆಂಗಳೂರು-2 ಎಂಬಂತೆ. ಆಮೇಲೆ ಅವೇ 400 001, 560 002 ಆದವು. ಒಳಪುಟದ ವಿಳಾಸದಲ್ಲಿ 400ರಿಂದ ಶುರುವಾಗುವ ಆರಂಕಿ ಇದ್ದರೆ, ಮಾರುವವರು ಏನೇ ಹೇಳಲಿ, ಆ ಪ್ರತಿ 1972ರ ಆಗಸ್ಟಿಗಿಂತ ಮುಂಚಿನದಾಗಲಾರದು. 1960ರ ದಶಕದ ಕೊನೆಯಲ್ಲೋ ಎಪ್ಪತ್ತರ ಆರಂಭದಲ್ಲೋ ಬಂದ ಪುಸ್ತಕದ ಮೊದಲ ಮುದ್ರಣವಂತೂ ಅಲ್ಲವೇ ಅಲ್ಲ. ಇದೇ ಬಗೆಯ ಇತರ ಗುರುತುಗಳೂ ಇವೆ. ಟಿಂಕಲ್ ಪತ್ರಿಕೆಯ ಜಾಹೀರಾತು ಇದ್ದರೆ ಪ್ರತಿ 1980ರ ಆಸುಪಾಸಿನದು ಅಥವಾ ಅದರಿಂದೀಚಿನದು, ಏಕೆಂದರೆ ಟಿಂಕಲ್ ಆರಂಭವಾದದ್ದು ಆ ವರ್ಷದ ನವೆಂಬರಿನಲ್ಲಿ. ‘ಮುಂಬಯಿ’ ಎಂಬ ರೂಪ ಇಂಗ್ಲಿಷ್ ವಿಳಾಸದಲ್ಲಿ ಕಂಡರೆ 1995ರ ಹೆಸರು ಬದಲಾವಣೆಯ ನಂತರದ್ದು. ಹಿಂಬದಿ ರಕ್ಷಾಪುಟದ ಪಟ್ಟಿಯಲ್ಲಿ ನೂರರ ಮೇಲಿನ ಸಂಖ್ಯೆಗಳಿದ್ದರೆ ಮಾಲೆ ಅಷ್ಟು ಬೆಳೆದ ಮೇಲಷ್ಟೇ ಅದು ಅಚ್ಚಾಗಿದೆ.

ಈ ಕ್ರಮದ ಮಿತಿಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಇಂಥ ಗುರುತು ಇದ್ದರೆ ಅದು ಸಾಕ್ಷಿ. ಇಲ್ಲದಿದ್ದರೆ ಅದು ಸಾಕ್ಷಿಯಲ್ಲ. ಪಿನ್ ಕೋಡ್ ಬಂದ ಮೇಲೂ ಹಳೆಯ ವಲಯ ಸಂಖ್ಯೆಯನ್ನು ಜನ ಬಹಳ ದಿನ ಬಳಸುತ್ತಿದ್ದರು. ಅಚ್ಚುಮನೆಯಲ್ಲಿ ಹಳೆಯ ಫಿಲ್ಮ್‌ನಿಂದಲೇ ಮುದ್ರಿಸಿದರೆ ವಿಳಾಸ ತಿದ್ದದೆ ಉಳಿದಿರಬಹುದು. ಆದುದರಿಂದ ಈ ಪರೀಕ್ಷೆಯಿಂದ ಒಂದು ಪ್ರತಿ ಮೊದಲ ಮುದ್ರಣವಲ್ಲವೆಂದು ತೋರಿಸಬಹುದೇ ಹೊರತು, ಮೊದಲ ಮುದ್ರಣವೇ ಎಂದು ಸಾಧಿಸಲಾಗದು. ರಕ್ಷಾಪುಟ ಒಂದು ಮುದ್ರಣದ್ದು, ಒಳಪುಟಗಳು ಇನ್ನೊಂದರದು ಆಗಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ, ಅದರಲ್ಲೂ ಬಿಡಿಯಾದ ಪ್ರತಿಗಳನ್ನು ಕೂಡಿಸಿ ಪಿನ್ ಹೊಡೆದು ಮಾರುವ ಕಡೆ. ಮುದ್ರಣ ಗುರುತಿಸಲು ಪ್ರತಿಯ ಮೇಲೆ ಅಚ್ಚಾದ ಬೆಲೆಯ ಅಂಕಿಯನ್ನು ಮಾತ್ರ ನಂಬುವವರು ಅದರ ಮೇಲೆ ಅಂಟಿಸಿದ ಚೀಟಿಯನ್ನೂ ಕಿತ್ತ ಗುರುತನ್ನೂ ನೋಡಬೇಕು.

ಸ್ಥಿತಿಯ ಪ್ರಶ್ನೆ ಇದರೊಂದಿಗೆ ಬೆಸೆದುಕೊಂಡಿದೆ. ಕರ್ನಾಟಕದ ಮನೆಗಳಲ್ಲಿ ಹತ್ತಾರು ಕಾಮಿಕ್ಸ್‌ಗಳನ್ನು ಸೇರಿಸಿ ಬೈಂಡ್ ಮಾಡಿಸುವ ವಾಡಿಕೆ ಸಾಮಾನ್ಯವಾಗಿತ್ತು. ಬೈಂಡಿಂಗಿನವರು ಅಂಚನ್ನು ಸಮವಾಗಿ ಕತ್ತರಿಸುತ್ತಿದ್ದರು, ದಪ್ಪ ಹೆಚ್ಚಾದರೆ ಹಿಂಬದಿ ರಕ್ಷಾಪುಟವನ್ನು ತೆಗೆದೇ ಬಿಡುತ್ತಿದ್ದರು. ಬಾಡಿಗೆ ಪುಸ್ತಕದಂಗಡಿಗಳ ಮೊಹರು, ಮಳೆಗಾಲದಲ್ಲಿ ತುಕ್ಕು ಹಿಡಿದ ಸ್ಟೇಪಲ್, ಮುಖಪುಟದ ಮೇಲೆ ಶಾಯಿಯಲ್ಲಿ ಬರೆದ ಮಗುವಿನ ಹೆಸರು ಇವೆಲ್ಲ ಅಮೆರಿಕದ ಅಂಕಪದ್ಧತಿಯಲ್ಲಿ ಪ್ರತಿಯನ್ನು ಕೆಳಗಿಳಿಸುತ್ತವೆ. ಅಮರ ಚಿತ್ರಕಥೆಯ ಮಟ್ಟಿಗೆ ಈ ದೋಷಗಳನ್ನು ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯಲ್ಲ. ತುಕ್ಕು ಅಂದ ಕೆಡಿಸುತ್ತದೆ, ಅಷ್ಟೆ. ಹಿಂಬದಿ ರಕ್ಷಾಪುಟ ಹೋದರೆ ಕಾಲನಿರ್ಣಯದ ಆಧಾರವೇ ಹೋಗುತ್ತದೆ. ಮೊಹರಿನಲ್ಲಿ ತಾರೀಖಿದ್ದರೆ ಅದು ಪ್ರತಿ ಯಾವ ದಿನಕ್ಕೆ ಮುಂಚೆ ಅಚ್ಚಾಗಿತ್ತೆಂದು ಹೇಳುವ ಏಕೈಕ ಸಾಕ್ಷಿಯೂ ಆಗಬಹುದು. ವಿಳಾಸ, ಜಾಹೀರಾತುಗಳು ಹೇಳಲಾರದ್ದು ಇದನ್ನೇ. ಅಂಥ ಮೊಹರಿರುವ ಪ್ರತಿಯನ್ನು ಕೊಳಕೆಂದು ಕಡಿಮೆ ಬೆಲೆಗೆ ಬಿಡುವ ವ್ಯಾಪಾರಿ ತನ್ನ ಸರಕನ್ನು ತಾನೇ ಕೆಳಗಿಳಿಸುತ್ತಿದ್ದಾನೆ.

ಮೊದಲ ಹತ್ತು ಪುಸ್ತಕಗಳ ಭಾಷೆ, ವರ್ಷ, ಕ್ರಮಗಳ ಅಂತಿಮ ನಿರ್ಣಯ ಇನ್ನೂ ಆಗಬೇಕಿದೆ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಾಶಕರು ತಮ್ಮ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಮದರಾಸಿನ ಕನ್ನಿಮಾರಾ ಸೇರಿದಂತೆ ಇತರ ಠೇವಣಿ ಗ್ರಂಥಾಲಯಗಳಿಗೂ ಕಳುಹಿಸಬೇಕಿತ್ತು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಡಿ ರಾಜ್ಯ ಸರ್ಕಾರಕ್ಕೂ ಪ್ರತಿ ಸಲ್ಲಬೇಕಿತ್ತು. ಮಕ್ಕಳ ಚಿತ್ರಪುಸ್ತಕಗಳ ವಿಷಯದಲ್ಲಿ ಈ ಕಟ್ಟಳೆ ಎಷ್ಟು ಪಾಲನೆಯಾಯಿತೆಂಬುದು ಬೇರೆ ಪ್ರಶ್ನೆ. ಆದರೂ 1965ರಿಂದ 1970ರವರೆಗಿನ ಸ್ವೀಕೃತಿ ದಾಖಲೆಗಳಲ್ಲಿ ಕನ್ನಡದ ಸಿಂಡ್ರೆಲಾ ಒಂದು ತಾರೀಖಿನೊಂದಿಗೆ ಸಿಕ್ಕರೆ ಅನಂತರಾಂ ಅವರ ನೆನಪಿಗೆ ದಾಖಲೆಯ ಬಲ ಬರುತ್ತದೆ. ಅದಕ್ಕಿಂತ ಹಿಂದಿನ ತಾರೀಖಿನ ಬೇರೆ ಭಾಷೆಯ ಪ್ರತಿ ಸಿಕ್ಕರೆ ಇಲ್ಲಿನ ಎರಡನೆಯ ತೀರ್ಮಾನವನ್ನು ತಿದ್ದಿಕೊಳ್ಳಬೇಕಾಗುತ್ತದೆ.