ನಾಡಿ ಹಿಡಿದು ನಗಿಸಿದ ವೈದ್ಯರು

ಮನೆ ಬಾಗಿಲಿಗೆ ಬಂದು, ಕೈ ಹಿಡಿದು ಕಣಿ ಹೇಳುವವಳು ಕೊರವಂಜಿ. ವೈದ್ಯರೂ ಕೈ ಹಿಡಿಯುತ್ತಾರೆ, ನಾಡಿ ನೋಡುವುದಕ್ಕೆ. 1942ರಲ್ಲಿ ಬೆಂಗಳೂರಿನ ವೈದ್ಯರೊಬ್ಬರು ಹಾಸ್ಯ ಮಾಸಪತ್ರಿಕೆಯೊಂದನ್ನು ಆರಂಭಿಸಿದರು. ಅದಕ್ಕೆ ಅವರು ಇಟ್ಟ ಹೆಸರು 'ಕೊರವಂಜಿ'. ಅವರೇ 'ರಾಶಿ' ಎಂಬ ಕಾವ್ಯನಾಮದಿಂದ ಮನೆಮಾತಾದ ಡಾ. ಎಂ. ಶಿವರಾಂ (1905-1984).

ಅದು ನಗುವ ಕಾಲವೇನೂ ಆಗಿರಲಿಲ್ಲ. ಎರಡನೆಯ ಮಹಾಯುದ್ಧ ನಡೆದಿತ್ತು. ಕಾಗದಕ್ಕೆ ಅಭಾವ, ದಿನಸಿಗೆ ಪರದಾಟ. ಅದೇ ವರ್ಷ 'ಕ್ವಿಟ್ ಇಂಡಿಯಾ' ಚಳವಳಿಯೂ ಭುಗಿಲೆದ್ದಿತು. ಆದರೂ ಪತ್ರಿಕೆ 1967ರವರೆಗೆ, ಸುಮಾರು 25 ವರ್ಷ ಬಾಳಿತು. ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರು ಅದರಲ್ಲಿ ಬರೆದರು. ಮುಂದೆ ದೇಶಕ್ಕೆಲ್ಲ ಪರಿಚಿತರಾದ ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳೂ ಅಲ್ಲಿ ಅಚ್ಚಾದವು.

ರೋಗಿಗಳನ್ನು ನೋಡಬೇಕಾದ ವೈದ್ಯರಿಗೆ ಈ ನಗೆಯ ಉಸಾಬರಿ ಏಕೆ? ಅವರ ಇನ್ನೊಂದು ಆಸಕ್ತಿಯನ್ನು ಗಮನಿಸಿದರೆ ಉತ್ತರ ಸಿಕ್ಕೀತು. ಅದು ಮನುಷ್ಯನ ಮನಸ್ಸು. ಮನೋವೈದ್ಯಕೀಯ ವಿಷಯ ಕುರಿತ ಅವರ 'ಮನಮಂಥನ' ಗ್ರಂಥಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಕಥೆ, ಕಾದಂಬರಿ, ಕಾವ್ಯಗಳಿಗೆ ಸಲ್ಲುವುದೇ ಹೆಚ್ಚಾದ ಗೌರವವೊಂದು ಮನಸ್ಸಿನ ಕಾಯಿಲೆ ಕುರಿತ ಪುಸ್ತಕಕ್ಕೆ ದೊರೆತದ್ದು ಸಣ್ಣ ಸಂಗತಿಯಲ್ಲ.

ಏಕೆಂದರೆ ಮನಸ್ಸಿನ ಕಾಯಿಲೆಗೆ ನಮ್ಮಲ್ಲಿ ಹೆಸರು ಹೇಳುವುದೇ ಕಷ್ಟವಾಗಿತ್ತು. ಹೊಟ್ಟೆನೋವನ್ನು ಹೊಟ್ಟೆನೋವೆಂದೇ ಹೇಳುವ ಮನೆಯವರು, ಮನಸ್ಸು ಕೆಟ್ಟಾಗ ಗಾಳಿ ಸೋಕಿದೆ, ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಿದ್ದರು. ಇಲ್ಲವೇ ಒಂದೇ ಮಾತು: ಹುಚ್ಚು. ಬೆಂಗಳೂರಿನ 'ಲುನಾಟಿಕ್ ಅಸೈಲಂ'ಗೆ ಮೈಸೂರು ಸರ್ಕಾರ 1925ರಲ್ಲಿಯೇ 'ಮೆಂಟಲ್ ಹಾಸ್ಪಿಟಲ್' ಎಂದು ಹೊಸ ಹೆಸರು ಕೊಟ್ಟಿತ್ತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಇವೆರಡೂ ಸೇರಿ ನಿಮ್ಹಾನ್ಸ್ ಆದವು. ಬೋರ್ಡು ಇಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಮಾತ್ರ 'ಹುಚ್ಚಾಸ್ಪತ್ರೆ' ಉಳಿದೇ ಇತ್ತು. ಆಸ್ಪತ್ರೆ ಕಟ್ಟಿದರೆ ಸಾಲದು, ಅಲ್ಲಿಗೆ ಹೋಗುವ ಸಂಕೋಚವೂ ಹೋಗಬೇಕು. ಆ ಕೆಲಸಕ್ಕೆ ಬೇಕಾದದ್ದು ಜನರ ಭಾಷೆ. ತನ್ನನ್ನು ನೋಡಿ ತಾನೇ ನಗಬಲ್ಲವನಿಗೆ ತನ್ನ ಅಳುಕನ್ನು ಹೇಳಿಕೊಳ್ಳುವುದೂ ತುಸು ಸುಲಭವಾಗುತ್ತದೆ. ರಾಶಿಯವರ ಹಾಸ್ಯಕ್ಕೂ ಮನಶ್ಶಾಸ್ತ್ರಕ್ಕೂ ಇರುವ ನಂಟನ್ನು ಹೀಗೆ ನೋಡಬಹುದು.

ಈ ಹಾದಿಯಲ್ಲಿ ಅವರು ಒಬ್ಬರೇ ಇರಲಿಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934-1991) 'ತಾಯಿ ಮಗು', 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳನ್ನು ಬರೆದರು. ಹೆರಿಗೆ, ದಾಂಪತ್ಯಗಳ ಬಗ್ಗೆ ಅತ್ತೆಯನ್ನಾಗಲಿ ಗಂಡನನ್ನಾಗಲಿ ಕೇಳಲಾರದ ಹೆಣ್ಣುಮಗಳು ಪುಸ್ತಕ ತೆರೆದು ಉತ್ತರ ಹುಡುಕಬಹುದಾಯಿತು. ನಾಚಿಕೆಯಿಂದ ಮುಚ್ಚಿಟ್ಟ ವಿಷಯವನ್ನು ಅಚ್ಚಗನ್ನಡದಲ್ಲಿ ಬಿಚ್ಚಿ ಹೇಳುವುದೂ ಒಂದು ಚಿಕಿತ್ಸೆಯೇ ಅಲ್ಲವೇ?

ಇಂದು ಪರಿಸ್ಥಿತಿ ಬೇರೆ. 1912ರ 'ಲೂನಸಿ ಆ್ಯಕ್ಟ್' ಹೋಗಿ 1987ರ ಕಾಯ್ದೆ ಬಂತು. ಅದರ ಜಾಗಕ್ಕೆ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಚಿಕಿತ್ಸೆ ಪಡೆಯುವುದನ್ನು ಅದು ಹಕ್ಕೆಂದು ಒಪ್ಪಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸೇವೆಯಡಿ 14416ಕ್ಕೆ ಕರೆ ಮಾಡಿ ಮನಸ್ಸಿನ ತೊಂದರೆ ಹೇಳಿಕೊಳ್ಳಬಹುದು. ಆದರೆ ಫೋನು ಎತ್ತಿಕೊಂಡವರು ಏನೆಂದು ಮಾತು ಆರಂಭಿಸಬೇಕು? 'ನನಗೆ ಹುಚ್ಚಲ್ಲ, ಆದರೆ...' ಎಂದು ಹಿಂಜರಿಯದೆ, ಜ್ವರ ಬಂದಿದೆ ಎನ್ನುವಷ್ಟೇ ಸಲೀಸಾಗಿ ಹೇಳಲು ಮಾತು ಬೇಕು. ರಾಶಿಯಂಥ ವೈದ್ಯರು ಬಿಡುವು ಮಾಡಿಕೊಂಡು ಬರೆದದ್ದು ಆ ಮಾತು ನಮ್ಮದಾಗಲೆಂದೇ ಇರಬೇಕು.